ಸ್ಲಾವ್ ಜನರ ‘ಬೋಗ್’: ಪಾಲು ಕೊಡುವ ದೇವರು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದ ಹಿಡಿದುಕೊಂಡು ಮಾತಾಡೋಣ. ರಷ್ಯನ್, ಪೋಲಿಷ್, ಸರ್ಬಿಯನ್, ಬಲ್ಗೇರಿಯನ್, ಹೀಗೆ ಯಾವ ಸ್ಲಾವ್ ಭಾಷೆ ತಗೊಂಡರೂ ದೇವರಿಗೆ ಇರೋದು ಇದೇ ಪದ: ‘ಬೋಗ್’. ಚೆಕ್ ಜನರ ಬಾಯಲ್ಲಿ ಅದು ‘ಬೂಹ್’, ಉಕ್ರೇನಿನವರ ಬಾಯಲ್ಲಿ ‘ಬೋಹ್’.

ಇದರ ಹಳೇ ಅರ್ಥ ಬೇಕಾದರೆ ಚರ್ಚಿನ ಕಡೆ ನೋಡಬೇಡಿ. ಬಡವ-ಬಲ್ಲಿದರಿಗೆ ಇರುವ ಪದ ನೋಡಿ. ರಷ್ಯನ್‌ನಲ್ಲಿ ಶ್ರೀಮಂತ ಅಂದರೆ ‘ಬೊಗಾತಿಯ್’, ಗತಿಯಿಲ್ಲದವನು ‘ಉಬೋಗಿಯ್’. ಎರಡರಲ್ಲೂ ಬೋಗ್ ಕೂತಿದೆ ನೋಡಿ, ಆದರೆ ಅಲ್ಲಿ ಅದಕ್ಕೆ ದೇವರು ಅನ್ನೋ ಅರ್ಥ ಇಲ್ಲ, ಪಾಲು ಅಥವಾ ಸಂಪತ್ತು ಅಂತ ಅರ್ಥ. ಒಬ್ಬನಿಗೆ ಪಾಲು ಇದೆ, ಇನ್ನೊಬ್ಬನಿಗೆ ಇಲ್ಲ, ಅಷ್ಟೇ. ಪೋಲಿಷ್‌ನಲ್ಲಿ ಕಾಳುಕಡಿಗೆ ‘ಝ್ಬೋಝೆ’ ಅಂತಾರೆ, ಹಿಂದೆ ಅದೇ ಪದಕ್ಕೆ ಆಸ್ತಿ ಅನ್ನೋ ಅರ್ಥ ಇತ್ತು. ಹಾಗಾಗಿ ಬೋಗ್ ಅಂದರೆ ಮೊದಲು ಪಾಲು, ಆಮೇಲೆ ಆ ಪಾಲು ಹಂಚುವವನು.

ನಮಗೆ ಇದು ಹೊಸದೇನಲ್ಲ. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಭಾಗ, ಭಾಗ್ಯ, ಭಗವಂತ, ಭಕ್ತ ಎಲ್ಲ ಇದೇ ಬೇರಿನವು. ಋಗ್ವೇದದ ಏಳನೇ ಮಂಡಲದ ಒಂದು ಸೂಕ್ತದಲ್ಲಿ ಬೆಳಗಾಗೆದ್ದು ‘ಭಗ’ ಅನ್ನೋ ದೇವರನ್ನು ಕರೆದು ನಮ್ಮ ಪಾಲು ಕೊಡು ಅಂತ ಕೇಳುತ್ತಾರೆ. ನಮ್ಮಲ್ಲಿ ಭಾಗ್ಯಸೂಕ್ತ ಅಂತ ಹೇಳುತ್ತಾರಲ್ಲ, ಅದೇ ಇದು. ಅತ್ತ ಇರಾನಿನ ನಕ್ಷ್-ಎ-ರುಸ್ತಮ್‌ನಲ್ಲಿ ದೊರೆ ದಾರಿಯಸ್ ಕೊರೆಸಿದ ಶಾಸನ ಶುರುವಾಗೋದೇ ‘ಬಗ ವಜ್ರಕ’ ಅಂತ, ಅಂದರೆ ‘ಮಹಾದೇವರು’.

ಈಗ ಜಗಳದ ವಿಷಯಕ್ಕೆ ಬರೋಣ. ಸ್ಲಾವ್ ಜನರಿಗೆ ಈ ಪದ ಪೂರ್ವಜರಿಂದ ನೇರವಾಗಿ ಬಂತಾ, ಇಲ್ಲಾ ಇರಾನಿ ನುಡಿಯವರಿಂದ ಎರವಲು ತಗೊಂಡರಾ? ಪಂಡಿತರು ಇನ್ನೂ ಒಪ್ಪಿಲ್ಲ. ನಾನು ಎರವಲಿನ ಕಡೆ. ವೆರ್ನರ್ ವಿಂಟರ್ ಅನ್ನೋ ಭಾಷಾವಿಜ್ಞಾನಿ 1970ರ ದಶಕದಲ್ಲಿ ಒಂದು ನಿಯಮ ಹೇಳಿದರು: ಮೂಲದಲ್ಲಿ ‘ಗ’ದಂಥ ಅಲ್ಪಪ್ರಾಣ ಘೋಷ ವ್ಯಂಜನ ಇದ್ದರೆ, ಬಾಲ್ಟಿಕ್ (ಅಂದರೆ ಲಿಥುವೇನಿಯನ್‌ನಂಥ) ಮತ್ತು ಸ್ಲಾವ್ ಭಾಷೆಗಳಲ್ಲಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ಆ ಲೆಕ್ಕದಲ್ಲಿ ಈ ಪದ ‘ಬಾಗ್’ ಆಗಬೇಕಿತ್ತು, ಆಗಲಿಲ್ಲ (ನಾವು ‘ಬೋಗ್’ ಅಂತ ಬರೆದರೂ ಅದರ ಸ್ವರ ಮೂಲದಲ್ಲಿ ಹ್ರಸ್ವ). ಅಂದರೆ ಪದ ಆಮೇಲೆ ಹೊರಗಿನಿಂದ ಬಂದಿರಬೇಕು. ಇನ್ನೊಂದು ಇದಕ್ಕಿಂತ ಸ್ವಾರಸ್ಯ. ನಮ್ಮ ‘ದೇವ’ ಲಿಥುವೇನಿಯನ್‌ನಲ್ಲಿ ‘ದಿಯೆವಾಸ್’ ಆಗಿ ಇವತ್ತಿಗೂ ದೇವರೇ. ಪಕ್ಕದ ಸ್ಲಾವ್ ಜನರಲ್ಲಿ ಮಾತ್ರ ಅದು ‘ದಿವ್’ ಆಗಿ ಪಿಶಾಚಿಯ ಮಟ್ಟಕ್ಕೆ ಇಳಿದಿದೆ. ಹಳೇ ಇರಾನಿನ ಧರ್ಮಗ್ರಂಥ ಅವೆಸ್ತಾದಲ್ಲೂ ‘ದಯೇವ’ ಅಂದರೆ ಕೆಟ್ಟ ಶಕ್ತಿಯೇ. ‘ದೇವ’ ಕೆಳಗಿಳಿದು ‘ಬಗ’ ಮೇಲೇರಿದ್ದು ಎರಡೂ ಕಡೆ ಒಂದೇ ಥರ. ಕಪ್ಪು ಸಮುದ್ರದ ಉತ್ತರಕ್ಕೆ ಸಿಥಿಯನ್ನರು, ಸರ್ಮೇಷಿಯನ್ನರು ಇದ್ದರು, ಅವರದ್ದು ಇರಾನಿ ನುಡಿ, ಅಲ್ಲಿನ ಡಾನ್ ನದಿಯ ಹೆಸರೂ ಅವರದ್ದೇ. ಅಷ್ಟು ಒಡನಾಟ ಇದ್ದ ಮೇಲೆ ಇದೆಲ್ಲ ಸುಮ್ನೆ ಕಾಕತಾಳೀಯ ಅನ್ನೋಕೆ ನನಗೆ ಮನಸ್ಸು ಒಪ್ಪಲ್ಲ.

980ರಲ್ಲಿ ಕೀವ್‌ನ ವ್ಲಾದಿಮಿರ್ ದೊರೆ ನಿಲ್ಲಿಸಿದ ವಿಗ್ರಹಗಳಲ್ಲಿ ‘ದಾಝ್‌ಬೋಗ್’ ಒಬ್ಬ, ಕೊಡುವ ದೇವರು ಅಂತ ಆ ಹೆಸರನ್ನು ಬಿಡಿಸುತ್ತಾರೆ. ಎಂಟೇ ವರ್ಷಕ್ಕೆ ಅದೇ ದೊರೆ ಕ್ರೈಸ್ತನಾದ. ವಿಗ್ರಹಗಳು ಹೋದವು, ಬೋಗ್ ಅನ್ನೋ ಪದ ಉಳಿಯಿತು. ಅದಕ್ಕೂ ಮೊದಲೇ, 863ರಲ್ಲಿ ಮೊರಾವಿಯಾಗೆ (ಈಗಿನ ಚೆಕ್ ನಾಡಿನ ಕಡೆ) ಹೋದ ಕ್ರೈಸ್ತ ಧರ್ಮಪ್ರಚಾರಕರು ಸಿರಿಲ್ ಮತ್ತು ಮೆಥೋಡಿಯಸ್ ತಮ್ಮ ಅನುವಾದಗಳಲ್ಲಿ ಈ ಪದವನ್ನೇ ಬಳಸಿದ್ದರು.

ಇನ್ನು ವ್ಯಾಕರಣ. ಬೋಗ್ ಪುಲ್ಲಿಂಗ. ರಷ್ಯನ್‌ನಲ್ಲಿ ಮೇಜನ್ನು ನೋಡಿದೆ ಅನ್ನುವಾಗ ಮೇಜಿನ ಪದ ಬದಲಾಗಲ್ಲ, ದೇವರನ್ನು ನೋಡಿದೆ ಅನ್ನುವಾಗ ‘ಬೋಗಾ’ ಆಗಲೇಬೇಕು. ನಾವೂ ‘ಪುಸ್ತಕ ಓದಿದೆ’ ಅಂತೀವಿ, ‘ದೇವರು ನೋಡಿದೆ’ ಅನ್ನಲ್ಲ, ಅಲ್ವಾ? ಕರೆಯುವಾಗ ಅದು ‘ಬೋಝೆ’, ಅಂದರೆ ‘ದೇವರೇ’. ರಷ್ಯನ್‌ನಲ್ಲಿ ಹಳೇ ಸಂಬೋಧನಾ ವಿಭಕ್ತಿ ಹೆಚ್ಚುಕಡಿಮೆ ಸತ್ತೇ ಹೋಗಿದೆ, ಆದರೆ ಗಾಬರಿಯಾದವರ ಬಾಯಲ್ಲಿ ‘ಬೋಝೆ ಮೊಯ್’, ‘ಅಯ್ಯೋ ನನ್ನ ದೇವರೇ’, ಈಗಲೂ ಬರುತ್ತದೆ. ಗ್ ಹೋಗಿ ಝ್ ಬಂದದ್ದು ಮುಂದಿನ ಎ-ಕಾರದಿಂದ. ಸಂಸ್ಕೃತದಲ್ಲೂ, ಬೇರೆ ಕಾಲದಲ್ಲಿ, ಇಂಥದ್ದೇ ನಡೆಯಿತು. ಅದಕ್ಕೇ ಭಾಗ ಇದ್ದಲ್ಲಿ ಭಜನೆ, ಯೋಗ ಇದ್ದಲ್ಲಿ ಯೋಜನೆ, ರೋಗದ ಜೊತೆ ರುಜಿನ.

ಉಚ್ಚಾರದಲ್ಲೂ ಈ ಪದ ಒಂಟಿ. ರಷ್ಯನ್ ಪದದ ಕೊನೆಯ ಗ್ ಸಾಮಾನ್ಯವಾಗಿ ಕ್ ಆಗುತ್ತದೆ: ಹಿಮಕ್ಕೆ ‘ಸ್ನೇಗ್’ ಅಂತ ಬರೆದು ‘ಸ್ನೇಕ್’ ಅಂತ ಓದುತ್ತಾರೆ. ಬೋಗ್ ಮಾತ್ರ ‘ಬೋಹ್’, ಅದು ಚರ್ಚಿನ ಓದಿನ ರೂಢಿ. ಥ್ಯಾಂಕ್ಸ್ ಅನ್ನೋಕೆ ಬಳಸುವ ‘ಸ್ಪಸೀಬಾ’ ಮೂಲದಲ್ಲಿ ‘ಬೋಗ್ ಕಾಪಾಡಲಿ’ ಅನ್ನೋ ಹಾರೈಕೆ, ಅದರಲ್ಲಿ ಗ್ ಪೂರ್ತಿ ಬಿದ್ದೇ ಹೋಗಿದೆ.

ಕೊನೆಗೊಂದು ಕಿವಿಮಾತು. ಒಂದೇ ಥರ ಕೇಳಿಸಿತು ಅಂತ ನಂಟು ಕಟ್ಟಬೇಡಿ. ರಷ್ಯನ್‌ನಲ್ಲಿ ಕನ್ಯೆಗೆ ‘ದೇವಾ’ ಅಂತಾರೆ, ಅದಕ್ಕೂ ನಮ್ಮ ದೇವಿಗೂ ಸಂಬಂಧ ಇಲ್ಲ, ಅದರ ಬೇರೇ ಬೇರೆ. ಅಲ್ಲಿನ ಜನಪದ ಕತೆಗಳ ವೀರ ‘ಬೊಗತೀರ್’ ಕೂಡ ಬೋಗ್‌ನಿಂದ ಹುಟ್ಟಿದವನಲ್ಲ. ಆ ಪದ ತುರ್ಕಿ ನುಡಿಗಳಿಂದ ಬಂದದ್ದು, ಅದೇ ಪದ ಪರ್ಷಿಯನ್ ದಾರಿಯಲ್ಲಿ ನಮ್ಮೂರಿಗೂ ಬಂದು ‘ಬಹದ್ದೂರ್’ ಆಗಿದೆ.