ಮೂರು ಬೆರಳಿನ ಅಳತೆ

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನ ಕೈಗೆ ಫಲತಾಂಬೂಲದ ತಟ್ಟೆ ಕೊಟ್ಟಿರಿ. ಅದರಲ್ಲಿರೋದು ಕೆಂಪಡಿಕೆ. ನೋಡಿದ ಕೂಡಲೇ ಗುರುತು ಸಿಕ್ಕಿತು, ಯಾಕೆಂದರೆ ನಾನು ಸಾಗರ ಸೀಮೆಯ ತೋಟದ ಮನೆಯವನು. ಓದಿದ್ದು, ಬೆಂಗಳೂರಿಗೆ ಬಂದದ್ದು, ಮೊದಲ ಕ್ಯಾಮೆರಾ ಕೊಂಡದ್ದು, ಎಲ್ಲವೂ ಅಡಿಕೆ ದುಡ್ಡಿನಲ್ಲೇ. ಅದೇ ಕ್ಯಾಮೆರಾ ಹಿಡಿದು ಬಾಯಿ ಕ್ಯಾನ್ಸರಿನ ಸಾಕ್ಷ್ಯಚಿತ್ರಕ್ಕೆ ಹೊರಟವನ ಫಜೀತಿ ಏನು ಅಂತ ಇವತ್ತು ಹೇಳುತ್ತೇನೆ.

ನಮ್ಮ ತಂಡದಲ್ಲಿ ಮೂರೇ ಜನ. ಕ್ಯಾಮೆರಾದವಳು, ಸೌಂಡಿನ ಹುಡುಗ, ನಾನು. ಲೈಟು ಒಯ್ಯಲಿಲ್ಲ. ದುಡ್ಡಿಲ್ಲ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ರೋಗಿಗಳು ತಂಗುವ ಧರ್ಮಶಾಲೆಯ ಹಜಾರದಲ್ಲಿ ಸಾಲಾಗಿ ಚಾಪೆ ಹಾಸಿಕೊಂಡು ಮಲಗಿದವರ ನಡುವೆ ಏಳೆಂಟು ಜನ ನುಗ್ಗಿದರೆ ಅದು ದಿಬ್ಬಣ ಬಂದ ಹಾಗಿರುತ್ತದೆ.

ಮೊದಲು ಭಾಷೆಯ ವಿಷಯ. ನಾನು ಬರೆದುಕೊಂಡು ಹೋದ ಪ್ರಶ್ನೆಗಳಲ್ಲೆಲ್ಲ ಕ್ಯಾನ್ಸರಿಗೆ 'ಅರ್ಬುದ' ಅಂತಿತ್ತು. ಆ ಪದ ಆಡಿದ ಒಬ್ಬ ರೋಗಿಯೂ ನಮಗೆ ಸಿಗಲಿಲ್ಲ. ಕೆಲವರು 'ಗಡ್ಡೆ' ಅಂದರು, ಕೆಲವರು 'ಹುಣ್ಣು' ಅಂದರು, ಹೆಚ್ಚಿನವರು 'ಆ ಕಾಯಿಲೆ' ಅಂದು ಸುಮ್ಮನಾದರು. ವಿಕಿರಣ ಚಿಕಿತ್ಸೆಗೆ ಅವರ ಮಾತು 'ಕರೆಂಟ್ ಕೊಡೋದು'. "ಎಷ್ಟು ಕರೆಂಟಾಯ್ತು?" "ಹದಿನೆಂಟಾತು, ಇನ್ನು ಹನ್ನೆರಡದೆ." ನನ್ನ ಪ್ರಶ್ನೆಪಟ್ಟಿ ಎರಡನೇ ದಿನವೇ ಚೀಲ ಸೇರಿತು.

ನಾವು ಹಿಂಬಾಲಿಸಿದ್ದು ಒಬ್ಬ ಅಕ್ಕನನ್ನು. ಹೆಸರು ಬೇಡ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸುಗ್ಗಿಯಲ್ಲಿ ಅಡಿಕೆ ಸುಲಿದವರು, ಬಹುಪಾಲು ನಮ್ಮ ಅಂಗಳದಲ್ಲೇ. ಆ ರಾತ್ರಿಗಳು ನನಗೆ ಚೆನ್ನಾಗಿ ನೆನಪಿವೆ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರ ಸಾಲು, ಟಕ್ ಟಕ್ ಸದ್ದು, ಹಿತ್ತಿಲಲ್ಲಿ ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ. ನಿದ್ದೆ ಬರಬಾರದು ಅಂತ ಒಂಬತ್ತಕ್ಕೊಂದು, ಹನ್ನೊಂದಕ್ಕೊಂದು ಸಲ ಕವಳದ ತಟ್ಟೆ ಸುತ್ತು ಬರುತ್ತಿತ್ತು. ಎಲೆ, ಅಡಿಕೆ, ಸುಣ್ಣ, ಒಂದು ಎಸಳು ಹೊಗೆಸೊಪ್ಪು. ತಟ್ಟೆ ಹಿಡಿದು ಸಾಲಿನುದ್ದಕ್ಕೂ ಓಡಾಡುತ್ತಿದ್ದ ಹುಡುಗ ನಾನೇ. ಉಪಚಾರ ಚೆನ್ನಾಗಿದ್ದ ಮನೆಗೆ ಆಳು ಬೇಗ ಬರುತ್ತಿದ್ದರು.

ಅಕ್ಕನಿಗೆ ಕ್ಯಾನ್ಸರ್ ಕೆನ್ನೆಯ ಒಳಗೆ ಆಗಿತ್ತು. ಅದಕ್ಕೂ ಎಷ್ಟೋ ವರ್ಷ ಮೊದಲೇ ಖಾರ ತಿಂದರೆ ಬಾಯಿ ಉರಿಯೋದು, ದವಡೆ ಬಿಗಿಯೋದು ಶುರುವಾಗಿತ್ತಂತೆ. ವೈದ್ಯರು ಇದನ್ನು ಪರೀಕ್ಷಿಸುವ ಕ್ರಮ ಬಹಳ ಸರಳ. ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ ನೆಟ್ಟಗೆ ಹಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಬೇಕು. (ಇಡಿ, ಇಡಿ, ನಾಚಿಕೆ ಬೇಡ.) ಅಕ್ಕನಿಗೆ ಒಂದು ಬೆರಳು ಕಷ್ಟದಲ್ಲಿ ಹೋಗುತ್ತಿತ್ತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಬಾಯಿಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೆತ್ತಗಿರಬೇಕಾದ ಕೆನ್ನೆ ಚರ್ಮದ ಪಟ್ಟಿಯ ಹಾಗಾಗುತ್ತದೆ. ಅಡಿಕೆ ಬಿಟ್ಟರೂ ಆ ಬಿಗಿತ ಪೂರ್ತಿ ಸಡಿಲವಾಗೋದಿಲ್ಲ. ಕೆಲವರಲ್ಲಿ ಅದೇ ಮುಂದೆ ಕ್ಯಾನ್ಸರಿಗೆ ತಿರುಗುತ್ತದೆ.

"ಅದೆಲ್ಲ ತಂಬಾಕಿಂದು, ಅಡಿಕೆದಲ್ಲ" ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳಿದ್ದೆ, ಜಗಳಾಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಅಂದಿತ್ತು. 2004ರ ವರದಿಯಲ್ಲಿ ತಂಬಾಕು ಇಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಅನ್ನುವ ಅದೇ ಮೊದಲ ಗುಂಪಿಗೆ ಸೇರಿಸಿತು. 2024ರಲ್ಲಿ ಅದೇ ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ, 2020ರಲ್ಲಿ ಜಗತ್ತಿನಲ್ಲಿ ಕಂಡ 3,89,800 ಬಾಯಿ ಕ್ಯಾನ್ಸರುಗಳಲ್ಲಿ 1,20,200ಕ್ಕೆ ಜಗಿಯುವ ತಂಬಾಕು, ಅಡಿಕೆಗಳೇ ಕಾರಣ. ಅದರಲ್ಲಿ 83,400 ಭಾರತದ್ದು. ನಮ್ಮ ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ನಾವೆಲ್ಲ ರೇಟು ಬಿದ್ದುಹೋಯಿತು ಅಂತ ತಲೆಮೇಲೆ ಕೈಹೊತ್ತು ಕೂತಿದ್ದೆವು. ಕಂಪನಿಗಳು ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರತೊಡಗಿದವು. ಬೆರೆಸುವ ಕೆಲಸ ಗಿರಾಕಿಗೆ ಬಿತ್ತು, ಅಷ್ಟೇ.

ಚಿಕಿತ್ಸೆಗೆ ಬೆಂಗಳೂರಿಗೆ ಹೊರಟ ಅಕ್ಕನ ಜೊತೆ ನಾವು ತಾಳಗುಪ್ಪದ ರಾತ್ರಿ ರೈಲು ಹತ್ತಿದೆವು. ಅವರು ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದಿದ್ದರು. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗುವಾಗ ಸ್ಲೀಪರ್ ಪುಕ್ಕಟೆ, ಜೊತೆಯವರಿಗೆ ಮುಕ್ಕಾಲು ಭಾಗ ರಿಯಾಯಿತಿ. ಆಸ್ಪತ್ರೆಯ ಒಂದು ಪ್ರಮಾಣಪತ್ರ ಬೇಕು, ಅಷ್ಟೇ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆ ರೈಲಿನಲ್ಲೇ ನನ್ನ ದೊಡ್ಡ ತಪ್ಪು ನಡೆಯಿತು. ಒಳ್ಳೇ ಶಾಟ್ ಸಿಗುತ್ತಿದೆ ಅಂತ ನಲವತ್ತು ನಿಮಿಷ ಮಾತಾಡಿಸಿದೆ. ಅವರೂ ಪಾಪ, ನಮ್ಮನೆ ಹುಡುಗ ಅಂತ ಹೇಳುತ್ತಲೇ ಹೋದರು. ಅರಸೀಕೆರೆ ದಾಟಿದ ಮೇಲೆ ಸೌಂಡಿನ ಹುಡುಗ ಹೆಡ್‌ಫೋನ್ ಕಿತ್ತು ನನ್ನ ಕಿವಿಗೆ ಇಟ್ಟ. ಅಲ್ಲಿವರೆಗೆ ನನಗೆ ಬರೀ ಮಾತು ಕೇಳುತ್ತಿತ್ತು. ಕಾಲರಿನ ಮೈಕಿನಲ್ಲಿ ಪ್ರತಿ ಮಾತಿನ ಹಿಂದೆಯೂ ಅವರು ನೋವು ನುಂಗುವ ಸದ್ದಿತ್ತು. 'ಮ', 'ಪ' ಬಂದಾಗ ತುಟಿ ಕೂಡಿಸಲು ಸೆಕೆಂಡು ಹಿಡಿಯುತ್ತಿತ್ತು. ಅವತ್ತಿಂದ ದಿನಕ್ಕೆ ಹತ್ತು ನಿಮಿಷ ಅಂತ ಕಟ್ಟುಮಾಡಿಕೊಂಡೆವು. ಗಡಿಯಾರ ಅವನ ಕೈಯಲ್ಲಿ.

ನಾವು ಹೋದದ್ದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ, 1973ರಲ್ಲಿ ಶುರುವಾದದ್ದು. ಹೊಸೂರು ರಸ್ತೆಯ ಆ ಗೇಟಿನ ಹೊರಗೆ ಬೆಳಿಗ್ಗೆ ಆರಕ್ಕೆ ನಿಂತರೆ ಬಳ್ಳಾರಿ, ಬೀದರು, ಅನಂತಪುರದ ಮಾತೆಲ್ಲ ಕೇಳುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅಕ್ಕನಿಗೆ ಕರೆಂಟು, ವಾರಕ್ಕೆ ಐದು ದಿನ, ಆರು ವಾರ. ತಲೆ ಅಲ್ಲಾಡದ ಹಾಗೆ ಮುಖಕ್ಕೆ ಅಚ್ಚು ತೆಗೆದ ಬಲೆಯಂಥ ಮುಖವಾಡ ಹಾಕುತ್ತಾರೆ. ಅದನ್ನು ನೋಡಿ ಅವರು, "ಯಕ್ಷಗಾನಕ್ಕೆ ಹೋಗಬಹುದಲ್ಲ" ಅಂದರು. ಚಿತ್ರದುದ್ದಕ್ಕೂ ಅವರು ನಗುವುದು ಅದೊಂದೇ ಸಲ. ನಗು ಬಾಯಿಗೆ ಬಂದಿಲ್ಲ, ಕಣ್ಣಲ್ಲಿದೆ.

ಊರಿಗೆ ವಾಪಸು ಬಂದು ನಮ್ಮ ಅಂಗಳದಲ್ಲೇ ಸುಲಿಯುವ ದೃಶ್ಯ ತೆಗೆಯಬೇಕಿತ್ತು. ಅಪ್ಪಯ್ಯ ಜಗಲಿಯಿಂದಲೇ ಕೇಳಿದರು: "ತಿನ್ನೋ ಅನ್ನಕ್ಕೆ ಮಣ್ಣು ಹಾಕಕ್ಕೆ ಇಷ್ಟು ದೂರ ಬಂದ್ಯನಾ?" ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಪ್ರಶ್ನೆ ಚಿತ್ರದಲ್ಲಿದೆ, ನನ್ನ ಮೌನವೂ ಇದೆ. ಎರಡೆಕರೆ ತೋಟದವನಿಗೆ ಬೇರೆ ಏನು ಬೆಳೆಯಬೇಕು ಅಂತ ಹೇಳುವ ಯೋಗ್ಯತೆ ನನಗಿಲ್ಲ, ಆಲೂಗಡ್ಡೆ ಚಿಪ್ಸ್ ಮಾರಿ ಬದುಕಿ ಅನ್ನುವ ತಜ್ಞರ ಮೇಲೆ ನಂಬಿಕೆಯೂ ಇಲ್ಲ. ಆದರೂ ಕವಳದ ತಟ್ಟೆಯನ್ನು ಅಪ್ಪಯ್ಯನೇ ತಂದು ಕ್ಯಾಮೆರಾದ ಮುಂದಿಟ್ಟರು. ಹೊಗೆಸೊಪ್ಪಿನ ಸಮೇತ. "ಇದ್ದದ್ದು ಇದ್ದಂಗೆ ತೆಗಿ" ಅಂದರು.

ಆ ತುಣುಕನ್ನು ಅಕ್ಕನಿಗೆ ತೋರಿಸಿ ಒಪ್ಪಿಗೆ ಕೇಳಲು ಹೋದೆವು. ಮೊಬೈಲಿನಲ್ಲಿ ನೋಡಿದರು, ಎರಡು ಸಲ. ಆಮೇಲೆ ನಿಧಾನಕ್ಕೆ ಅಂದರು, "ನಿಮ್ಮನೆ ಅಡಿಕೆದೇನೂ ತಪ್ಪಿಲ್ಲ ಅಂತ ಅದ್ರಲ್ಲಿ ಹಾಕು ತಮ್ಮಾ. ನಿಮ್ಮಮ್ಮ ನಂಗೆ ಯಾವತ್ತೂ ಉಪಾಸ ಕಳಿಸಿಲ್ಲ." ಒಪ್ಪಿಗೆ ಕೊಟ್ಟರು. ಈ ಮಾತೂ ಇರಬೇಕು ಅಂತ ಷರತ್ತು ಹಾಕಿದರು.

ಈಗ ಹನ್ನೊಂದು ನಿಮಿಷದ ಒಂದು ಭಾಗ ತೋರಿಸುತ್ತೇನೆ. ಅವರ ಮಾತಿಗೆ ನಾವು ಕೆಳಗೆ ಅಕ್ಷರ ಹಾಕಿಲ್ಲ. ಫ್ಯಾನ್ ಆಫ್ ಮಾಡಿ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.