ಲೇಪಾಕ್ಷಿಯ ಗೆರೆ, ವೈಕುಂಠಂ ಅವರ ಕೆಂಪು

ತಲೆ ಎತ್ತಿ ನೋಡಿ. ಇದು ಲೇಪಾಕ್ಷಿ ವೀರಭದ್ರ ದೇವಸ್ಥಾನದ ಚಾವಣಿ, 16ನೇ ಶತಮಾನದ ವಿಜಯನಗರದ ಕೆಲಸ. ಮುಖಗಳು ಪಕ್ಕಕ್ಕೆ ತಿರುಗಿವೆ, ಮೂಗು ಚೂಪು, ಸೀರೆಯ ತುದಿಯೂ ಚೂಪು. ಸಪಾಟು ಬಣ್ಣ, ಸುತ್ತ ಗಟ್ಟಿ ಗೆರೆ. ಇದೇ ಕಣ್ಣಿಟ್ಟುಕೊಂಡು ಇಂದಿನ ಚಿತ್ರಕಾರ ತೋಟ ವೈಕುಂಠಂ ಅವರ ಚಿತ್ರಗಳಿಗೆ ಬರೋಣ. ಅವರು ಇಲ್ಲಿಂದ ಕಲಿತರು ಅಂತಲ್ಲ. ಗೆರೆ ನೋಡೋ ಅಭ್ಯಾಸ ನಮಗೆ ಇಲ್ಲಿ ಸಿಗುತ್ತೆ.

ವೈಕುಂಠಂ ಹುಟ್ಟಿದ್ದು 1942ರಲ್ಲಿ, ಈಗಿನ ತೆಲಂಗಾಣದ ಕರೀಂನಗರ ಸೀಮೆಯಲ್ಲಿ. ಊರಿಗೆ ಬರ್ತಿದ್ದ ನಾಟಕದ ಮೇಳಗಳಲ್ಲಿ ಗಂಡಸರೇ ಹೆಣ್ಣುವೇಷ ಹಾಕ್ತಿದ್ದರು. ಆ ವೇಷದ ಠೀವಿ ಇವರು ಬರೆಯೋ ಹೆಂಗಸರ ಕತ್ತಿನಲ್ಲಿ, ಕೈಯಲ್ಲಿ ಹಾಗೇ ಇದೆ. ಮುಂದೆ ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯರಾದರು. ಜನಪದ ಕಲೆಯನ್ನ ಅಷ್ಟು ಗೌರವದಿಂದ ಕಂಡ ಗುರು ಸಿಕ್ಕಿದ್ದು ದೊಡ್ಡ ಭಾಗ್ಯ. ವೈಕುಂಠಂ ಚಿತ್ರಗಳಲ್ಲಿ ಕುಂಕುಮದ ಕೆಂಪು, ಅರಿಶಿನದ ಹಳದಿ, ಪಕ್ಕದಲ್ಲೇ ಕಪ್ಪು ಮೈಬಣ್ಣ. ಆ ಕಪ್ಪು ಇರೋದಕ್ಕೇ ಕೆಂಪು ಉರಿಯುತ್ತೆ. ಮೈಬಣ್ಣ ತಿಳಿ ಮಾಡಿದ ನಕಲು ನೋಡಿ, ಚಿತ್ರವೇ ಸಪ್ಪೆ.

ಸಂಗ್ರಾಹಕರು ಇವರನ್ನ ಹುಡುಕೋದಕ್ಕೆ ಮುಖ್ಯ ಕಾರಣ, ಕೋಣೆಯ ಆ ತುದಿಯಿಂದಲೇ ಕೈ ಯಾರದು ಅಂತ ಗೊತ್ತಾಗುತ್ತೆ. ಮೂಲಚಿತ್ರ ಕೈಗೆಟುಕದವರಿಗೆ ಸೆರಿಗ್ರಾಫ್ ಇದೆ. ಒಂದೊಂದು ಬಣ್ಣಕ್ಕೂ ಬೇರೆ ಜರಡಿ ಮಾಡಿ, ಒಂದರ ಮೇಲೊಂದು ಶಾಯಿ ಒತ್ತೋ ಅಚ್ಚು ಅದು. ಸಪಾಟು ಬಣ್ಣದ ಚಿತ್ರಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದೋ ಅಚ್ಚಿಲ್ಲ. ಆದರೆ ಮೋಸ ನಡೆಯೋದೂ ಇಲ್ಲೇ. 10 ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ಹಿಡಿದು ಸೀರೆಯ ಕೆಂಪು ನೋಡಿ. ಸೆರಿಗ್ರಾಫ್ ಆದರೆ ಬಣ್ಣ ಒಂದೇ ಪದರವಾಗಿ ತುಂಬಿರುತ್ತೆ, ಓರೆ ಬೆಳಕಲ್ಲಿ ಅಂಚು ಕೂದಲೆಳೆಯಷ್ಟು ಎದ್ದು ಕಾಣುತ್ತೆ. ಸಣ್ಣ ಚುಕ್ಕೆಗಳು ಕಂಡರೆ ಅದು ಬಹುಶಃ ಕಂಪ್ಯೂಟರ್ ಪ್ರಿಂಟ್, ಇಲ್ಲವೇ ಪುಸ್ತಕ ಅಚ್ಚುಹಾಕೋ ಥರದ ಆಫ್‌ಸೆಟ್ ಪ್ರಿಂಟ್. ಆ ಬೆಲೆಗೆ ಮಾತ್ರ ಕೊಳ್ಳಿ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 25/100 ಅಂತಿದ್ದರೆ, 100 ಪ್ರತಿಗಳಲ್ಲಿ 25ನೆಯದು ಅಂತ ಅರ್ಥ. ಸಹಿಯೂ ಪೆನ್ಸಿಲ್ಲಲ್ಲೇ ಇರಬೇಕು. ಚಿತ್ರದ ಜೊತೆ ಅಚ್ಚಾದ ಸಹಿ ಲೆಕ್ಕಕ್ಕಿಲ್ಲ. ಇವರ ಹಲವು ಚಿತ್ರಗಳಲ್ಲಿ ಸಹಿ ತೆಲುಗಲ್ಲಿದೆ. ಆಂಧ್ರದ ಹಿಂದೂಪುರ, ಮಡಕಶಿರಾ ಕಡೆಯ ನಾವು ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ತೆಲುಗು ಓದಿದವರು, ಅಕ್ಷರ ತಡವರಿಸಿದ್ದರೆ ತಟ್ಟನೆ ಗೊತ್ತಾಗುತ್ತೆ.

ಇನ್ನು ಫ್ರೇಮು. ಹಿಂದೆ ಬರೀ ಪ್ಲೈವುಡ್ ಇಟ್ಟರೆ ಅದರ ಆಮ್ಲ ಇಳಿದು ಕಾಗದ ಕಂದಾಗುತ್ತೆ. ಆಮ್ಲರಹಿತ ರಟ್ಟನ್ನೇ ಕೇಳಿ ಹಾಕಿಸಿ. ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಮೌಂಟ್, ಅಂದರೆ ನಡುವೆ ಕಿಂಡಿ ಕೊರೆದ ರಟ್ಟು, ಇರಲಿ. ಪಡುವಣ ಬಿಸಿಲು ಬೀಳೋ ಗೋಡೆ ಬೇಡ. ಸೆಲ್ಲೋಟೇಪ್ ಅಂಟಿಸಲೇಬೇಡಿ, ಆ ಹಳದಿ ಕಲೆ ಹೋಗೋದಿಲ್ಲ. ಚಿತ್ರವನ್ನ ರಟ್ಟಿಗೆ ಹಿಡಿಸೋಕೆ ತೆಳು ಕಾಗದದ ಎರಡು ಪಟ್ಟಿ, ಗೋಧಿ ಗಂಜಿಯ ಅಂಟು ಸಾಕು, ಅದೂ ಮೇಲಂಚಿಗೆ ಮಾತ್ರ. ನಾಲ್ಕೂ ಕಡೆ ಅಂಟಿಸಿದರೆ, ಬೇಸಿಗೆ ಕಳೆದು ಮೊದಲ ಮಳೆಯ ತೇವ ಬಂದಾಗ ಕಾಗದಕ್ಕೆ ಹಿಗ್ಗೋಕೆ ಜಾಗ ಸಿಗದೆ ನಡುವೆ ಉಬ್ಬಿಬಿಡುತ್ತೆ.