ಆರಾಧನೆಯಲ್ಲಿ ಮೊರೆಗೂ ಜಾಗವಿರಲಿ

ಶ್ರೋತೃಗಳಿಗೆ ನಮಸ್ಕಾರ.

ಇತ್ತೀಚೆಗೆ ಕೋಲಾರದಲ್ಲಿ ನಡೆದ ಸಭಾಪಾಲಕರ (ಪಾಸ್ಟರ್‌ಗಳ) ಸಮ್ಮೇಳನದಲ್ಲಿ ಪಾಲ್ಗೊಂಡು ಬಂದಮೇಲೆ, ನಮ್ಮ ಕ್ರೈಸ್ತ ಸಭೆಗಳಲ್ಲಿ ಇಂದು ನಡೆಯುತ್ತಿರುವ ಆರಾಧನೆಯ ಕುರಿತು ಕೆಲವು ಮಾತುಗಳನ್ನು ಹೇಳಬೇಕೆನಿಸಿದೆ. ಅಲ್ಲಿನ ಪ್ರಸಂಗಗಳು ಚೆನ್ನಾಗಿದ್ದವು. ನನ್ನನ್ನು ಚಿಂತೆಗೆ ಹಚ್ಚಿದ್ದು ಸ್ತುತಿಯ ಹೊತ್ತು. ವೇದಿಕೆಯ ಮೇಲೆ ಗಿಟಾರ್, ಕೀಬೋರ್ಡ್, ಡ್ರಮ್ಸ್. ಪರದೆಯ ಮೇಲೆ ಎರಡೆರಡು ಸಾಲಾಗಿ ಮೂಡಿ ಮರೆಯಾಗುವ ಹಾಡುಗಳು. ಯುವಕರು ಕೈಯೆತ್ತಿ ಮನಸಾರೆ ಹಾಡುತ್ತಿದ್ದರು. ಅವರ ಭಕ್ತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನನ್ನ ಪಕ್ಕದ ಸಾಲಿನಲ್ಲಿದ್ದ ಹಿರಿಯ ತಾಯಂದಿರು ಪಲ್ಲವಿಗೆ ದನಿಗೂಡಿಸಿ, ಹಾಡು ಮೇಲಿನ ಸ್ಥಾಯಿಗೆ ಏರಿದೊಡನೆ ಸುಮ್ಮನಾಗಿ, ಬರಿದೆ ಚಪ್ಪಾಳೆ ತಟ್ಟುತ್ತ ನಿಂತರು. ಹಾಡಿಸುವವರು ತಮ್ಮ ಪಳಗಿದ ಕಂಠಕ್ಕೆ ಒಪ್ಪುವ ಶ್ರುತಿಯನ್ನೇ ಹಿಡಿದರೆ, ಹಾಡಬೇಕಾದ ಸಭೆ ಕೇಳುವ ಸಭೆಯಾಗುತ್ತದೆ.

ಇದಕ್ಕಾಗಿ ವಾದ್ಯಗಳನ್ನು ದೂರುವುದು ನ್ಯಾಯವಲ್ಲ. ನಮ್ಮದೇ ಎಂದು ನಾವು ಭಾವಿಸಿರುವ ಹಾರ್ಮೋನಿಯಂ ಕೂಡ 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದದ್ದು. ಹೊಸ ಹಾಡನ್ನು ಹಾಡಿರಿ ಎಂದು ಸತ್ಯವೇದದ (ಬೈಬಲಿನ) 96ನೆಯ ಕೀರ್ತನೆಯೇ ಕರೆಯುತ್ತದೆ. ಹೊಸತು ಬರಲಿ, ಆದರೆ ಕನ್ನಡದ ನಡೆ ಕೆಡದಿರಲಿ. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ಯಾಗಿ ಬರೆದಾಗ ಈ ದೇಶದ ಛಂದಸ್ಸನ್ನೇ ಆರಿಸಿಕೊಂಡರು. ನಾವಾದರೋ ಇಂಗ್ಲಿಷ್ ರಾಗಕ್ಕೆ ಕನ್ನಡದ ಮಾತನ್ನು ಬಗ್ಗಿಸಿ ಕೂರಿಸುತ್ತಿದ್ದೇವೆ. ಹ್ರಸ್ವವನ್ನು ಎಳೆದು, ದೀರ್ಘವನ್ನು ಮೊಟಕುಗೊಳಿಸಿ ಹಾಡುವಾಗ ಅರ್ಥ ತಿಳಿಯುವ ಮೊದಲೇ ಸಾಲು ಮುಗಿದಿರುತ್ತದೆ. ಆತ್ಮದಿಂದ ಹಾಡುವುದರ ಜೊತೆಗೆ ಬುದ್ಧಿಯಿಂದಲೂ ಹಾಡಬೇಕೆಂಬುದು ಪೌಲನು ಕೊರಿಂಥದ ಸಭೆಗೆ ಬರೆದ ಮಾತು.

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಅಲ್ಲಿ ಹಾಡಿದ ಹಾಡುಗಳೆಲ್ಲ ಜಯದ ಹಾಡುಗಳೇ ಆಗಿದ್ದವೆಂಬುದು. ಸತ್ಯವೇದದ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಂಕಟದ ಮೊರೆಗಳು. 13ನೆಯ ಕೀರ್ತನೆಯು ದೇವರನ್ನು ‘ಇನ್ನೆಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ದೇವಜನರು ಇವನ್ನು ಒಟ್ಟಾಗಿ ಹಾಡುತ್ತಿದ್ದರು. ನಮ್ಮ ಜಿಲ್ಲೆಯ ಸಭೆಗಳಲ್ಲಿ ಕುಳಿತಿರುವವರು ಯಾರು? 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡ ಮನೆಯವರು, ಸಾಲ ಮಾಡಿ ಕೊರೆಸಿದ ಬೋರ್‌ವೆಲ್‌ನಲ್ಲಿ ಬರಿ ಧೂಳು ಕಂಡ ರೈತರು, ಬಂಗಾರಪೇಟೆಯಲ್ಲಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವ ಹೆಣ್ಣುಮಕ್ಕಳು. ಭಾನುವಾರ ಇವರು ಹೊತ್ತು ತಂದ ದುಃಖವನ್ನು ಹಾಡಾಗಿ ದೇವರ ಮುಂದಿಡಲು ನಾವು ಅವಕಾಶ ಕೊಡದಿದ್ದರೆ, ಅವರು ಅದನ್ನು ಹಾಗೆಯೇ ಹೊತ್ತು ಹಿಂತಿರುಗುತ್ತಾರೆ. ನಗುಮುಖದಿಂದಲೇ ಬರಬೇಕೆಂದು ದೇವರು ಎಲ್ಲಿಯೂ ಕೇಳಿಲ್ಲ.

ನಮ್ಮ ಸಭೆಯ ಯುವಕರೊಡನೆ ಈ ವಿಷಯವನ್ನು ಮಾತನಾಡಿದೆ. ಅವರು ಬೇಸರಪಡಲಿಲ್ಲ, ತಾಯಂದಿರನ್ನು ಕೂರಿಸಿಕೊಂಡು ಅವರ ಕಂಠಕ್ಕೆ ಒಗ್ಗುವ ಶ್ರುತಿ ಯಾವುದೆಂದು ನೋಡಿಕೊಂಡರು. ಈಗ 13ನೆಯ ಕೀರ್ತನೆಗೆ ತಾವೇ ರಾಗ ಕಟ್ಟುತ್ತಿದ್ದಾರೆ. ಮೊದಲ ಚರಣ ಗಿಟಾರಿನೊಂದಿಗೆ ಸಿದ್ಧವಾಗಿದೆ. ಎರಡನೆಯದನ್ನು ವಾದ್ಯವಿಲ್ಲದೆ ಸಭೆಯವರೆಲ್ಲರೂ ಹಾಡಬೇಕೆಂಬುದು ಅವರದೇ ಸೂಚನೆ.